ಕೈಗೆ ಕೆಲಸ, ತಲೆಗೆ ಪ್ರಶ್ನೆ: ಪ್ರಾಥಮಿಕ ತರಗತಿಯ ಇತಿಹಾಸಕ್ಕೆ ಯಾವ ಚಟುವಟಿಕೆ ಆರಿಸಬೇಕು?

ಮಣ್ಣಿನ ಮಾದರಿ ಮಾಡಿಸಬೇಕೇ, ನಾಟಕ ಆಡಿಸಬೇಕೇ, ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಬೇಕೇ? ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಇತಿಹಾಸ ಹೇಳಿಕೊಡುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪ್ರಶ್ನೆ ಒಂದೇ ಆದರೂ ಕೇಳುವವರ ಪರಿಸ್ಥಿತಿ ಬೇರೆ ಬೇರೆ. ಒಬ್ಬರ ತರಗತಿಯಲ್ಲಿ 45 ಮಕ್ಕಳು, ವಾರಕ್ಕೆ ಒಂದೇ ಅವಧಿ. ಇನ್ನೊಬ್ಬರು ಮನೆಯಲ್ಲಿ ಇಬ್ಬರು ಮಕ್ಕಳಿಗೆ ಕಲಿಸುವ ತಾಯಿ. ಸಮಯ ಧಾರಾಳ, ಸಾಮಗ್ರಿಗೆ ದುಡ್ಡಿಲ್ಲ. ಮತ್ತೊಬ್ಬರ ಶಾಲೆ ಖರ್ಚು ಮಾಡಲು ಸಿದ್ಧವಿದೆ, ಆದರೆ ವರ್ಷಕ್ಕೆ ಒಂದೇ ಸಲ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಅನ್ಯಾಯವಾಗುತ್ತದೆ.

ಹಿಂದೊಮ್ಮೆ ನಾನು ನಾಲ್ಕನೆಯ ತರಗತಿಯ ಮಕ್ಕಳಿಂದ ರಟ್ಟಿನ ಪಿರಮಿಡ್ ಮಾಡಿಸಿದ್ದೆ. ಮೂರು ಅವಧಿ ಹಿಡಿಯಿತು. ತರಗತಿಯ ತುಂಬ ಸಡಗರ, ಮಕ್ಕಳ ಮುಖದಲ್ಲಿ ಹಿಗ್ಗು, ಪಾಲಕರಿಂದ ಮೆಚ್ಚುಗೆ. ಒಂದು ವಾರ ಬಿಟ್ಟು ಪಿರಮಿಡ್ಡಿನ ಬಗ್ಗೆ ಏನು ನೆನಪಿದೆ ಎಂದು ಕೇಳಿದೆ. ಅಂಟು ಬೇಗ ಒಣಗಲಿಲ್ಲ ಎಂದು ಒಬ್ಬ ಹೇಳಿದ, ನಾಲ್ಕನೆಯ ಮುಖ ಸರಿಯಾಗಿ ಕೂಡಲಿಲ್ಲ ಎಂದು ಇನ್ನೊಬ್ಬಳು. ಅದನ್ನು ಯಾರು ಕಟ್ಟಿದರು, ಎಷ್ಟು ಹಿಂದೆ, ಅದು ನಮಗೆ ಹೇಗೆ ಗೊತ್ತು ಎಂಬುದರ ಬಗ್ಗೆ ಯಾರ ಬಾಯಿಂದಲೂ ಒಂದು ಮಾತು ಬರಲಿಲ್ಲ. ತಪ್ಪು ಮಕ್ಕಳದಲ್ಲ. ಮೂರು ಅವಧಿಯೂ ಅವರು ಯೋಚಿಸಿದ್ದು ರಟ್ಟು, ಅಂಟು, ಅಳತೆಗಳನ್ನು. ಯೋಚಿಸಿದ್ದು ನೆನಪಿನಲ್ಲಿ ಉಳಿಯಿತು. ಚಟುವಟಿಕೆಗಳನ್ನು ನಾನು ತೂಗುವ ತಕ್ಕಡಿ ಬದಲಾದದ್ದು ಅಂದಿನಿಂದ.

ತೂಗುವುದಕ್ಕೆ ಮೊದಲು

ಯಾವ ಚಟುವಟಿಕೆಯನ್ನೇ ಆಗಲಿ, ಮೊದಲು ಹೀಗೆ ಕೇಳಿಕೊಳ್ಳಿ: ಮಗುವಿನ ಕೈ ಯಾವ ಕೆಲಸ ಮಾಡುತ್ತಿದೆಯೋ, ಅದರಲ್ಲೇ ಇತಿಹಾಸ ಇದೆಯೇ? ಅಥವಾ ಕೈ ಒಂದು ಕಡೆ, ಪಾಠ ಇನ್ನೊಂದು ಕಡೆ ಉಳಿದಿದೆಯೇ? ಇದು ಎಲ್ಲಕ್ಕಿಂತ ದೊಡ್ಡ ಮಾನದಂಡ.

ಎರಡನೆಯದು ಪುರಾವೆ. ‘ಇದು ನಮಗೆ ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆ ಚಟುವಟಿಕೆಯೊಳಗಿಂದ ತಾನಾಗಿ ಹುಟ್ಟಬೇಕು. ಈ ಪ್ರಶ್ನೆ ಇಲ್ಲದಿದ್ದರೆ ಇತಿಹಾಸಕ್ಕೂ ಕಟ್ಟುಕತೆಗೂ ಮಗುವಿನ ಮನಸ್ಸಿನಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ಮೂರನೆಯದು ಕಾಲದ ಅಳತೆ: ಯಾವುದು ಮೊದಲು, ಯಾವುದು ಆಮೇಲೆ, ನಡುವೆ ಎಷ್ಟು ದೂರ. ನಾಲ್ಕನೆಯದು ನಮ್ಮ ಕೈಲಾಗುವಿಕೆ: ಹಣ, ಸಮಯ, ಮಕ್ಕಳ ಸಂಖ್ಯೆ. ಸಮಯ ಎನ್ನುವಾಗ ತಯಾರಿಯನ್ನೂ ಆಮೇಲೆ ನೆಲ ಒರೆಸುವುದನ್ನೂ ಸೇರಿಸಿಕೊಳ್ಳಿ. ಅವೆರಡನ್ನು ಮರೆತು ಹಾಕಿದ ಯೋಜನೆ ಎರಡನೆಯ ವಾರಕ್ಕೇ ನಿಂತುಹೋಗುತ್ತದೆ. ಕೊನೆಯದು, ಚಟುವಟಿಕೆಯಿಂದ ಆಗಬಹುದಾದ ಹಾನಿ. ಕೆಲವು ಚಟುವಟಿಕೆಗಳು ತಪ್ಪು ಕಲ್ಪನೆಯನ್ನು ಬಿತ್ತುತ್ತವೆ, ಕೆಲವು ಮಗುವಿನ ಮನಸ್ಸನ್ನು ನೋಯಿಸುತ್ತವೆ.

ಇಷ್ಟು ಚಿಕ್ಕವರಿಗೆ ಪುರಾವೆ, ಆಕರ ಎಂದೆಲ್ಲ ಹೇಳಿದರೆ ಅರ್ಥವಾದೀತೇ ಎಂದು ಕೆಲವರು ಅನುಮಾನಿಸುತ್ತಾರೆ. ಮನಶ್ಶಾಸ್ತ್ರಜ್ಞ ಪಿಯಾಜೆ ಗುರುತಿಸಿದ ಮಕ್ಕಳ ಬೆಳವಣಿಗೆಯ ಹಂತಗಳನ್ನು ಇತಿಹಾಸ ಕಲಿಕೆಗೆ ಅನ್ವಯಿಸಿದ ಬ್ರಿಟನ್ನಿನ ಕೆಲವು ಸಂಶೋಧಕರು 1960ರ ದಶಕದಲ್ಲಿ ಹದಿಹರೆಯದ ನಡುವಿನವರೆಗೂ ಅದು ಕಷ್ಟವೆಂದೇ ವಾದಿಸಿದ್ದರು. ಅದೇ ದೇಶದಲ್ಲಿ 1990ರ ದಶಕದಲ್ಲಿ 7ರಿಂದ 14 ವರ್ಷದ ಮಕ್ಕಳ ಮೇಲೆ ನಡೆದ ‘ಚಾಟಾ’ ಅಧ್ಯಯನದಲ್ಲಿ ಬೇರೆಯದೇ ಚಿತ್ರ ಕಂಡಿತು: ಕೆಲವು ಪುಟ್ಟ ಮಕ್ಕಳ ಆಲೋಚನೆ ತಮಗಿಂತ ನಾಲ್ಕಾರು ವರ್ಷ ದೊಡ್ಡವರಾದ ಕೆಲವರ ಆಲೋಚನೆಗಿಂತ ಪ್ರೌಢವಾಗಿತ್ತು. ನನ್ನ ಅನುಭವವೂ ಹಾಗೆಯೇ ಹೇಳುತ್ತದೆ. ಏಳು ವರ್ಷದ ಮಗುವಿಗೆ ‘ಆಕರ’ ಎಂಬ ಪದ ಬೇಡ. ಆದರೆ ‘ನಿನಗೆ ಯಾರು ಹೇಳಿದರು, ಅವರು ಅಲ್ಲಿದ್ದರೇ?’ ಎಂದು ಕೇಳುವ ಜಾಣತನ ಅದಕ್ಕೆ ಆಗಲೇ ಇರುತ್ತದೆ. ಅಣ್ಣ ತಂಗಿಯರ ಜಗಳ ಬಿಡಿಸಿದವರಿಗೆಲ್ಲ ಅದು ಗೊತ್ತು.

ಕಾಲದ ಹಗ್ಗ

ಖರ್ಚು ಅತಿ ಕಡಿಮೆ, ತಯಾರಿ ಅತಿ ಕಡಿಮೆ, ಎಷ್ಟು ಮಕ್ಕಳಿದ್ದರೂ ನಡೆಯುತ್ತದೆ. ಐದೂವರೆ ಮೀಟರ್ ಹಗ್ಗ, ಬಟ್ಟೆಗೆ ಹಾಕುವ ಕ್ಲಿಪ್ಪು, ಒಂದಷ್ಟು ಚೀಟಿಗಳು, ಒಂದು ಅಳತೆಪಟ್ಟಿ ಇದ್ದರೆ ಸಾಕು. ಅಳತೆ ಹೀಗಿರಲಿ: 1 ಮೀಟರಿಗೆ 1,000 ವರ್ಷ. ಆಗ 1 ಮಿಲಿಮೀಟರಿಗೆ ಒಂದು ವರ್ಷ. ಎಂಟು ವರ್ಷದ ಮಗುವಿನ ಇಡೀ ಆಯುಷ್ಯ 8 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಅದರ ಕಿರುಬೆರಳಿನ ಅಗಲ. ಹಗ್ಗದ ತುದಿಗೆ ಬೆರಳಿಟ್ಟು ‘ನಾನು ಇಷ್ಟೇ’ ಎಂದು ಮಗು ಹೇಳುವ ಕ್ಷಣಕ್ಕೆ ಬೇರೆ ಯಾವ ಪಾಠವೂ ಸಮವಲ್ಲ.

ಈಗ ಚೀಟಿಗಳನ್ನು ಸಿಕ್ಕಿಸಿ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ 1969 ತುದಿಯಿಂದ 6 ಸೆಂಟಿಮೀಟರಿನ ಒಳಗೇ ಬರುತ್ತದೆ. ಯೂರೋಪಿನಲ್ಲಿ ಗುಟೆನ್‌ಬರ್ಗ್ ಅಚ್ಚುಮೊಳೆಗಳಿಂದ ಬೈಬಲ್ ಮುದ್ರಿಸಿದ 1455ರ ಸುಮಾರು, ಅರ್ಧ ಮೀಟರಿಗೆ ಸ್ವಲ್ಪ ಆಚೆ. ಈಜಿಪ್ಟಿನ ರಾಣಿ ಕ್ಲಿಯೋಪಾತ್ರ ತೀರಿಕೊಂಡ ಕ್ರಿ.ಪೂ. 30, ಎರಡು ಮೀಟರಿಗೆ ತುಸು ಆಚೆ. ಗಿಝಾದ ದೊಡ್ಡ ಪಿರಮಿಡ್ ಕಟ್ಟಿದ ಕ್ರಿ.ಪೂ. 2560ರ ಸುಮಾರು, ನಾಲ್ಕೂವರೆ ಮೀಟರನ್ನೂ ದಾಟುತ್ತದೆ. ಮೆಸೊಪೊಟೇಮಿಯದಲ್ಲಿ, ಅಂದರೆ ಇಂದಿನ ಇರಾಕಿನ ಸುತ್ತಿನ ನಾಡಿನಲ್ಲಿ, ಬರವಣಿಗೆ ಶುರುವಾದದ್ದು ಐದು ಮೀಟರಿನ ಆಚೆ. ಇಲ್ಲಿಯೇ ಮಕ್ಕಳ ಹುಬ್ಬು ಮೇಲೇರುತ್ತದೆ: ಕ್ಲಿಯೋಪಾತ್ರ ಪಿರಮಿಡ್ಡಿಗೆ ಹತ್ತಿರವೋ, ಚಂದ್ರನ ಮೇಲೆ ಕಾಲಿಟ್ಟ ದಿನಕ್ಕೆ ಹತ್ತಿರವೋ? ಪಿರಮಿಡ್ಡಿಗೆ ಎರಡೂವರೆ ಮೀಟರ್ ದೂರ, ಚಂದ್ರನ ಮೇಲೆ ಕಾಲಿಟ್ಟ ದಿನಕ್ಕೆ ಎರಡೇ ಮೀಟರ್. ‘ಹಳೆಯ ಕಾಲ’ ಎಂಬ ಒಂದೇ ಮೂಟೆ ಅವರ ಕಣ್ಣೆದುರಿಗೇ ಬಿಚ್ಚಿಕೊಳ್ಳುತ್ತದೆ. ಡೈನೋಸಾರ್ ಎಲ್ಲಿ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಅವು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ; ಇದೇ ಹಗ್ಗವನ್ನು 66 ಕಿಲೋಮೀಟರ್ ಎಳೆದುಕೊಂಡು ಹೋಗಬೇಕು. ಗುಹೆಯ ಮನುಷ್ಯ ಡೈನೋಸಾರ್ ಮೇಲೆ ಸವಾರಿ ಮಾಡುವ ಚಿತ್ರ ಅಂದಿಗೆ ಮಕ್ಕಳ ತಲೆಯಿಂದ ಹೊರಬೀಳುತ್ತದೆ.

ಆರೇಳು ವರ್ಷದವರಿಗೆ ಇಷ್ಟು ದೊಡ್ಡ ಲೆಕ್ಕ ಬೇಡ. ವರ್ಷಕ್ಕೊಂದು ಗೇಣು ಅಳತೆ ಹಾಕಿ, ಹುಟ್ಟಿದ್ದು, ನಡೆದದ್ದು, ಹಲ್ಲು ಬಿದ್ದದ್ದು, ಶಾಲೆಗೆ ಸೇರಿದ್ದು ಇಷ್ಟನ್ನು ಅವರ ಹಗ್ಗದ ಮೇಲೆ ಗುರುತಿಸಿದರೆ ಸಾಕು.

ಒಂದು ಎಚ್ಚರಿಕೆ. ಚೀಟಿಗಳನ್ನು ಗೋಡೆಯ ಅಂದಕ್ಕಾಗಿ ಸಮಾನ ಅಂತರದಲ್ಲಿ ತೂಗುಹಾಕಿದರೆ ಈ ಚಟುವಟಿಕೆಯ ಪ್ರಾಣವೇ ಹೋಗುತ್ತದೆ. ಖಾಲಿ ಜಾಗ ಖಾಲಿಯಾಗಿಯೇ ಇರಬೇಕು. ಇನ್ನೊಂದು ದೌರ್ಬಲ್ಯವನ್ನೂ ಒಪ್ಪಿಕೊಳ್ಳಬೇಕು. ಹಗ್ಗ ಕಾಲವನ್ನು ಕಲಿಸುತ್ತದೆಯೇ ಹೊರತು ಪುರಾವೆಯನ್ನಲ್ಲ. ಇಸವಿಗಳನ್ನು ಹೇಳುವವರು ನಾವು, ಮಗು ನಂಬಬೇಕು. ಆದ್ದರಿಂದ ಹಗ್ಗವೊಂದನ್ನೇ ನೆಚ್ಚಿಕೊಳ್ಳಬೇಡಿ. ವರ್ಷವಿಡೀ ಗೋಡೆಯ ಮೇಲೆ ಇರಲಿ, ಮುಂದೆ ಮಾಡುವ ಪ್ರತಿಯೊಂದು ಚಟುವಟಿಕೆಯೂ ಅದರ ಮೇಲೆ ಒಂದು ಚೀಟಿಯಾಗಿ ಬಂದು ಕೂರಲಿ.

ಮಣ್ಣು, ಮುದ್ರೆ, ಮಾದರಿ

ಕರಕುಶಲದ ಚಟುವಟಿಕೆಗಳಲ್ಲಿ ಎರಡು ಬಗೆ. ಒಂದು ರೂಪದ ನಕಲು: ರಟ್ಟಿನ ಕೋಟೆ, ಥರ್ಮೊಕೋಲಿನ ಅರಮನೆ, ಬಣ್ಣದ ಕಾಗದದ ಕಿರೀಟ. ಇನ್ನೊಂದು ವಿಧಾನದ ನಕಲು: ಅಂದಿನವರು ಯಾವ ಸಾಮಗ್ರಿಯಿಂದ, ಯಾವ ಕ್ರಮದಲ್ಲಿ, ಯಾವ ಅಗತ್ಯಕ್ಕಾಗಿ ಮಾಡಿದರೋ ಹಾಗೆಯೇ ಮಾಡಿ ನೋಡುವುದು. ಮೊದಲನೆಯದು ಪ್ರದರ್ಶನಕ್ಕೆ ಚೆಂದ. ಕಲಿಕೆ ಇರುವುದು ಎರಡನೆಯದರಲ್ಲಿ. ನನ್ನ ಪಿರಮಿಡ್ ಸೋತದ್ದು ಅದು ರೂಪದ ನಕಲಾಗಿದ್ದರಿಂದ.

ವಿಧಾನದ ನಕಲಿಗೆ ನಾನು ಕಂಡ ಅತ್ಯುತ್ತಮ ಉದಾಹರಣೆ ಮೆಸೊಪೊಟೇಮಿಯದ ಜೇಡಿಮಣ್ಣಿನ ಫಲಕ. ಹಸಿ ಮಣ್ಣನ್ನು ಅಂಗೈ ಅಗಲಕ್ಕೆ ತಟ್ಟಿ, ಚೌಕ ತುದಿಯ ಕಡ್ಡಿಯ ಮೂಲೆಯನ್ನು ಒತ್ತಿದರೆ ಬೆಣೆಯಾಕಾರದ ಗುರುತು ಬೀಳುತ್ತದೆ. ಅದೇ ಬೆಣೆಲಿಪಿ. ಅಲ್ಲಿ ಸಿಕ್ಕ ಅತಿ ಹಳೆಯ ಬರಹಗಳಲ್ಲಿ ಬಹುಪಾಲು ಕತೆಗಳಲ್ಲ, ಧಾನ್ಯ, ದನಕುರಿಗಳ ಲೆಕ್ಕಪತ್ರಗಳು. ಮಕ್ಕಳಿಗೂ ಲೆಕ್ಕವನ್ನೇ ಕೊಡಿ: ಇವನಿಗೆ 7 ಕುರಿ, ಅವಳಿಗೆ 12 ಮೂಟೆ, ಅಕ್ಷರ ಬಳಸುವಂತಿಲ್ಲ, ಗುರುತುಗಳನ್ನು ನೀವೇ ಕಟ್ಟಿಕೊಳ್ಳಿ. ಒಂದು ವಾರ ಬಿಟ್ಟು ಫಲಕಗಳನ್ನು ಅದಲುಬದಲು ಮಾಡಿ ಓದಿಸಿ. ಓದಲಾಗದೆ ತಡವರಿಸುವಾಗ, ಎಲ್ಲರೂ ಒಪ್ಪಿದ ಗುರುತುಗಳು ಏಕೆ ಬೇಕಾದವು ಎಂಬುದನ್ನು ನಾವು ಹೇಳಿಕೊಡಬೇಕಾಗಿಲ್ಲ. ಗುರು ಬರೆದ ಸಾಲನ್ನು ಶಿಷ್ಯ ನಕಲು ಮಾಡಿದ ದುಂಡನೆಯ ಅಭ್ಯಾಸ ಫಲಕಗಳೂ ಆ ನಾಡಿನಲ್ಲಿ ಸಿಕ್ಕಿವೆ. ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆಯೂ ಕಾಪಿ ಬರೆಯುವ ಮಕ್ಕಳಿದ್ದರು ಎಂದು ಕೇಳಿದಾಗ ಇಂದಿನ ಮಕ್ಕಳಿಗೆ ಆಗುವ ಸಂತೋಷವನ್ನು ನೋಡಬೇಕು.

ಇದಕ್ಕೆ ಮುಂದಿನ ಹೆಜ್ಜೆ ಇನ್ನೂ ಬೆಲೆಯುಳ್ಳದ್ದು. ಕ್ರಿ.ಪೂ. 612ರಲ್ಲಿ ಅದೇ ನಾಡಿನ ನಿನೆವೆ ನಗರ ಶತ್ರುಗಳ ಕೈಗೆ ಸಿಕ್ಕಿ ಸುಟ್ಟುಹೋಯಿತು. ಅಲ್ಲಿನ ದೊರೆ ಅಶುರ್‌ಬನಿಪಾಲನ ಗ್ರಂಥಭಂಡಾರದ ಸುಮಾರು 30,000 ಫಲಕಗಳೂ ಚೂರುಗಳೂ ಇಂದಿಗೂ ಉಳಿದಿವೆ. ಬೆಂಕಿ ಬಿದ್ದ ಮೇಲೂ ಹೇಗೆ ಉಳಿದವು ಎಂದು ಕೇಳಿ. ಕೈಯಲ್ಲಿ ಮಣ್ಣು ಹಿಡಿದ ಮಗು ತಾನೇ ಉತ್ತರಿಸುತ್ತದೆ: ಮಣ್ಣು ಸುಟ್ಟರೆ ಗಟ್ಟಿಯಾಗುತ್ತದೆ. ಹಾಗಾದರೆ ಮರದ ಹಲಗೆ, ಚರ್ಮ, ಎಲೆಗಳ ಮೇಲೆ ಬರೆದವರ ಮಾತುಗಳು ಏನಾದವು? ನಮಗೆ ಗೊತ್ತಿರುವುದು ಉಳಿದುಬಂದದ್ದು ಮಾತ್ರ, ನಡೆದದ್ದೆಲ್ಲ ಅಲ್ಲ. ಇತಿಹಾಸದ ಈ ದೊಡ್ಡ ಪಾಠ ಒಂಬತ್ತು ವರ್ಷದ ಮಗುವಿಗೆ ಮಣ್ಣಿನ ಮೂಲಕ ತಲುಪುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಮಣ್ಣು ಸಿಗದಿದ್ದರೆ ಸಿಂಧೂ ಕಣಿವೆಯ ಮುದ್ರೆಯನ್ನು ಆರಿಸಿಕೊಳ್ಳಿ. ಅವು ಹೆಚ್ಚಾಗಿ ಮೃದುವಾದ ಬಳಪದ ಕಲ್ಲಿನಲ್ಲಿ ಕೆತ್ತಿದ, ಎರಡು ಮೂರು ಸೆಂಟಿಮೀಟರಿನ ಚೌಕಗಳು. ಸಾಬೂನಿನ ತುಂಡಿನ ಮೇಲೆ ಮೊಂಡು ಕಡ್ಡಿಯಿಂದ ಪ್ರಾಣಿಯ ಚಿತ್ರ, ಮೇಲೆ ಎರಡು ಗುರುತು ಕೆತ್ತಿಸಿ ಮೃದುವಾದ ಹಿಟ್ಟಿನ ಮೇಲೆ ಒತ್ತಿಸಿ. ಅಚ್ಚು ತಿರುವುಮುರುವಾಗಿ ಬಂದಾಗ ಅಂದಿನ ಕೆತ್ತನೆಗಾರ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಯೋಚಿಸುತ್ತಿದ್ದ ಎಂಬುದು ಹೊಳೆಯುತ್ತದೆ. ಆ ಲಿಪಿಯನ್ನು ಎಲ್ಲರೂ ಒಪ್ಪುವಂತೆ ಓದಿದವರು ಇದುವರೆಗೆ ಯಾರೂ ಇಲ್ಲ. ಅದನ್ನು ಮಕ್ಕಳಿಗೆ ತಪ್ಪದೇ ಹೇಳಿ. ‘ದೊಡ್ಡವರಿಗೂ ಗೊತ್ತಿಲ್ಲ’ ಎಂಬ ಮಾತು ಮಗುವಿನಲ್ಲಿ ಕುತೂಹಲದ ಬಾಗಿಲನ್ನೇ ತೆರೆಯುತ್ತದೆ.

ಖರ್ಚು ಕಡಿಮೆ, ಆದರೆ ಎರಡು ಅವಧಿ, ಒಣಗಲು ಒಂದೆರಡು ದಿನ, ಇಡಲು ಜಾಗ, ತೊಳೆಯಲು ನೀರು ಬೇಕು. 45 ಮಕ್ಕಳಿದ್ದರೆ ಹೊರಗಡೆ ಮಾಡಿಸಿ, ಮಣ್ಣನ್ನು ಹಿಂದಿನ ದಿನವೇ ನಾದಿಟ್ಟು ಉಂಡೆ ಕಟ್ಟಿಡಿ.

ಅಣಕು ಉತ್ಖನನ

ಮಕ್ಕಳು ಅತಿ ಹೆಚ್ಚು ಬಯಸುವುದು ಇದನ್ನು. ಶಿಕ್ಷಕರು ಅತಿ ಹೆಚ್ಚು ಕೆಡಿಸುವುದೂ ಇದನ್ನೇ. ಮರಳಿನ ತೊಟ್ಟಿಯಲ್ಲಿ ನಾಣ್ಯ, ಮಣಿ, ಮಡಕೆ ಚೂರು ಹೂತಿಟ್ಟು ‘ಹುಡುಕಿ’ ಎಂದರೆ ಅದು ನಿಧಿ ಬೇಟೆಯಾಗುತ್ತದೆ. ಯಾರಿಗೆ ಹೆಚ್ಚು ಸಿಕ್ಕಿತು ಎಂಬ ಪೈಪೋಟಿ ಮಾತ್ರ ಉಳಿಯುತ್ತದೆ. ಜರ್ಮನಿಯ ಹೈನ್ರಿಕ್ ಶ್ಲೀಮನ್ 1870ರ ದಶಕದಲ್ಲಿ ಗ್ರೀಕ್ ಮಹಾಕಾವ್ಯದ ಟ್ರಾಯ್ ನಗರ ಹುಡುಕುತ್ತಾ ದಿಬ್ಬವನ್ನು ಸೀಳಿಕೊಂಡು ಕೆಳಗಿಳಿದ. 1873ರಲ್ಲಿ ಚಿನ್ನ ಸಿಕ್ಕಿತು, ಅದು ಟ್ರಾಯ್ ಯುದ್ಧಕಾಲದ್ದೆಂದು ಸಾರಿದ. ಆದರೆ ಆ ಪದರ ಅದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದು. ಅವನು ಹುಡುಕುತ್ತಿದ್ದ ಕಾಲದ ಕುರುಹುಗಳಲ್ಲಿ ಎಷ್ಟೋ ಅವನದೇ ಗುದ್ದಲಿಗೆ ಸಿಕ್ಕಿ ಹಾಳಾದವು. ಈ ಕತೆಯನ್ನು ಅಗೆಯುವ ಮೊದಲೇ ಹೇಳಿಬಿಡಿ.

ಸರಿಯಾಗಿ ಮಾಡಿಸುವುದಾದರೆ ತೊಟ್ಟಿಯಲ್ಲಿ ಮೂರು ಬಣ್ಣದ ಪದರ ಬೇಕು, ಮೇಲೆ ದಾರದಿಂದ ಚೌಕಗಳು ಬೇಕು, ಅಗೆಯಲು ಕುಂಚ ಬೇಕು. ಸಿಕ್ಕ ವಸ್ತುವನ್ನು ಎತ್ತುವ ಮೊದಲು ಅದು ಯಾವ ಚೌಕದಲ್ಲಿ, ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂದು ಬರೆದು ಚಿತ್ರಿಸಬೇಕು. ಮೆಚ್ಚುಗೆ ವಸ್ತುವಿಗೆ ಸಲ್ಲಬಾರದು, ದಾಖಲೆಗೆ ಸಲ್ಲಬೇಕು. ಪುರಾತತ್ತ್ವಜ್ಞ ಹವರ್ಡ್ ಕಾರ್ಟರ್ 1922ರಲ್ಲಿ ಈಜಿಪ್ಟಿನ ದೊರೆ ಟುಟಂಖಾಮನ್ ಸಮಾಧಿಯನ್ನು ಕಂಡುಹಿಡಿದ ಮೇಲೆ ಅಲ್ಲಿನ 5,000ಕ್ಕೂ ಹೆಚ್ಚು ವಸ್ತುಗಳನ್ನು ದಾಖಲಿಸಿ ಹೊರತರಲು ಸುಮಾರು 10 ವರ್ಷ ಹಿಡಿಯಿತು ಎಂದು ಹೇಳಿದರೆ ಆತುರದ ಕೈಗಳೂ ನಿಧಾನವಾಗುತ್ತವೆ.

ಇಷ್ಟಕ್ಕೆಲ್ಲ ಒಂದು ತೊಟ್ಟಿಗೆ ಐದಾರು ಮಕ್ಕಳು ಮಾತ್ರ. ತಯಾರಿಗೆ ಅರ್ಧ ದಿನ. ದೊಡ್ಡ ತರಗತಿಗೆ ಇದು ಹೊರೆ. ಅಂಥವರಿಗೆ ನಾನು ಹೇಳುವ ಬದಲಿ ದಾರಿ ಕಸದ ಬುಟ್ಟಿ. ಒಂದು ವಾರ ತರಗತಿಯ ಕಾಗದದ ಬುಟ್ಟಿಯನ್ನು ಖಾಲಿ ಮಾಡದೆ ಇಟ್ಟು, ಕೊನೆಯ ದಿನ ಮೇಲಿನಿಂದ ಒಂದೊಂದಾಗಿ ತೆಗೆಯಿರಿ. ತಳದಲ್ಲಿರುವುದು ಯಾವ ದಿನದ್ದು? ನಮ್ಮ ಗುರುತೇ ಇಲ್ಲದವರು ಈ ಬುಟ್ಟಿಯನ್ನು ನೋಡಿದರೆ ನಮ್ಮ ಬಗ್ಗೆ ಏನೆಂದುಕೊಳ್ಳುತ್ತಾರೆ, ಏನನ್ನು ತಪ್ಪಾಗಿ ತಿಳಿಯುತ್ತಾರೆ? ಕೆಳಗಿನ ಪದರ ಹಳೆಯದು ಎಂದು ಡೆನ್ಮಾರ್ಕಿನ ವಿಜ್ಞಾನಿ ಸ್ಟೆನೊ 1669ರಲ್ಲಿ ಬಂಡೆಗಳ ಬಗ್ಗೆ ಹೇಳಿದ್ದ ನಿಯಮ ಒಂದು ಪೈಸೆ ಖರ್ಚಿಲ್ಲದೆ ಕೈಗೆ ಸಿಗುತ್ತದೆ.

ಇಬ್ಬರು ಮೂವರು ಮಕ್ಕಳಿದ್ದರೆ ಇಟಲಿಯ ಪ್ರಾಚೀನ ನಗರ ಪಾಂಪೇಯಿಯ ಪ್ರಯೋಗ ಮಾಡಿ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದವರ ದೇಹಗಳು ಕರಗಿ, ಗಟ್ಟಿಯಾದ ಬೂದಿಯಲ್ಲಿ ಟೊಳ್ಳು ಉಳಿದಿತ್ತು. 1863ರಲ್ಲಿ ಪುರಾತತ್ತ್ವಜ್ಞ ಫಿಯೊರೆಲ್ಲಿ ಆ ಟೊಳ್ಳುಗಳಿಗೆ ಪ್ಲಾಸ್ಟರ್ ಸುರಿಸಿದ, ಆಕಾರಗಳು ಹೊರಬಂದವು. ಜೇಡಿಮಣ್ಣಿನಲ್ಲಿ ಚಿಪ್ಪನ್ನು ಒತ್ತಿ ತೆಗೆದು ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದರೆ, ಇಲ್ಲದ ವಸ್ತುವೂ ಸಾಕ್ಷಿ ಹೇಳಬಲ್ಲದು ಎಂದು ಕಾಣುತ್ತದೆ. ಪ್ಲಾಸ್ಟರನ್ನು ದೊಡ್ಡವರೇ ಕಲಸಬೇಕು. ಗಟ್ಟಿಯಾಗುವಾಗ ಅದು ಬಿಸಿಯೇರುತ್ತದೆ. ಮತ್ತೊಂದು ಮಾತು: ನಿಜವಾದ ಹಳೆಯ ನಿವೇಶನಗಳಲ್ಲಿ ಅಗೆಯಬಾರದು, ಚೂರನ್ನೂ ಎತ್ತಿಕೊಂಡು ಬರಬಾರದು ಎಂಬುದನ್ನು ಮಕ್ಕಳಿಗೆ ಈ ಸಂದರ್ಭದಲ್ಲೇ ಹೇಳಬೇಕು.

ಹಳೆಯ ವಸ್ತುಗಳ ಪೆಟ್ಟಿಗೆ

ತಿರುಗಿಸುವ ಕೀಲಿ ಇರುವ ಗಡಿಯಾರ, ರೀಲಿನ ಕ್ಯಾಮರಾ, ಬೆರಳಿನಿಂದ ತಿರುಗಿಸುವ ಫೋನು, ದೊಡ್ಡ ಬೀಗದ ಕೈ, ಶಾಯಿಯಲ್ಲಿ ಬರೆದ ಪತ್ರ. ಹೆಸರು ಹೇಳದೆ ಕೈಗೆ ಕೊಡಿ. ಮೊದಲು ಚಿತ್ರ ಬಿಡಿಸಲಿ, ಏಕೆಂದರೆ ಬಿಡಿಸುವ ಕಣ್ಣು ಬರಿದೇ ನೋಡುವ ಕಣ್ಣಿಗಿಂತ ಹೆಚ್ಚು ಕಾಣುತ್ತದೆ. ಯಾವುದರಿಂದ ಮಾಡಿದ್ದು, ಎಲ್ಲಿ ಸವೆದಿದೆ, ಯಾರ ಕೈ ಅಲ್ಲಿ ಹೆಚ್ಚು ತಾಗಿರಬೇಕು ಎಂಬ ಪ್ರಶ್ನೆಗಳು ಆಮೇಲೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಈ ಪೆಟ್ಟಿಗೆಯ ಮುಚ್ಚಳದ ಮೇಲಿರಬೇಕು.

ಪುರಾವೆಯ ಮಾನದಂಡದಲ್ಲಿ ಇದಕ್ಕೆ ನಾನು ಬಹಳ ಎತ್ತರದ ಸ್ಥಾನ ಕೊಡುತ್ತೇನೆ. ಒಂಬತ್ತು ವಸ್ತು ಇದ್ದರೆ ಐದೈದು ಮಕ್ಕಳ ಗುಂಪು ಮಾಡಿ 45 ಮಕ್ಕಳನ್ನೂ ನಿಭಾಯಿಸಬಹುದು, ಒಂದೇ ಅವಧಿ ಸಾಕು, ಆರು ವರ್ಷದವರೂ ಮಾಡಬಲ್ಲರು. ಮಿತಿ ಎಂದರೆ ಕೈಗೆ ಸಿಗುವ ವಸ್ತುಗಳು ನೂರು ವರ್ಷದ ಆಚೆ ಹೋಗುವುದಿಲ್ಲ. ಕಾಲದ ಹಗ್ಗದ ಮೇಲೆ ಅದು 10 ಸೆಂಟಿಮೀಟರ್. ಹಣವಿರುವ ಶಾಲೆ ಪ್ರಾಚೀನ ವಸ್ತುಗಳ ಒಳ್ಳೆಯ ಪ್ರತಿಕೃತಿ ಕೊಂಡುಕೊಳ್ಳಬಹುದು, ಆದರೆ ಅದು ಪ್ರತಿಕೃತಿ ಎಂದು ಮಕ್ಕಳಿಗೆ ಹೇಳಿಯೇ ಕೊಡಬೇಕು.

ಹಿರಿಯರನ್ನು ಕೇಳುವುದು

ಐರ್ಲೆಂಡಿನಲ್ಲಿ 1937ರಿಂದ 1939ರ ನಡುವೆ ಒಂದು ದೊಡ್ಡ ಕೆಲಸ ನಡೆಯಿತು. ಸುಮಾರು 5,000 ಪ್ರಾಥಮಿಕ ಶಾಲೆಗಳ ದೊಡ್ಡ ತರಗತಿಯ ಮಕ್ಕಳು ತಮ್ಮ ಮನೆಯ, ನೆರೆಯ ಹಿರಿಯರನ್ನು ಕೇಳಿ ಕತೆ, ಆಟ, ಮನೆಮದ್ದು, ಕಷ್ಟಕಾಲದ ನೆನಪುಗಳನ್ನು ಬರೆದುಕೊಂಡರು. ಒಟ್ಟು ಸುಮಾರು 7,40,000 ಪುಟ. ಇಂದು ಅದು ಆ ದೇಶದ ಸಂಶೋಧಕರಿಗೆ ದೊಡ್ಡ ಆಕರ. ಮಕ್ಕಳ ಕೈಯಲ್ಲಿ ಇತಿಹಾಸ ಬರೀ ಅಭ್ಯಾಸವಾಗಿ ಉಳಿಯಬೇಕಾಗಿಲ್ಲ, ನಿಜವಾದ ದಾಖಲೆಯೇ ಆಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಖರ್ಚು ಇಲ್ಲ. ಮಕ್ಕಳೆಷ್ಟೇ ಇರಲಿ ತೊಂದರೆಯಿಲ್ಲ, ಕೆಲಸ ತರಗತಿಯ ಹೊರಗೆ ನಡೆಯುತ್ತದೆ. ಆದರೆ ‘ನಿಮ್ಮ ಕಾಲದಲ್ಲಿ ಹೇಗಿತ್ತು?’ ಎಂದು ಕೇಳಿದರೆ ‘ಆಗ ಎಲ್ಲ ಚೆನ್ನಾಗಿತ್ತು’ ಎಂಬ ಉತ್ತರ ಬರುತ್ತದೆ, ಅಷ್ಟಕ್ಕೇ ಮುಗಿಯುತ್ತದೆ. ಪ್ರಶ್ನೆ ಸಣ್ಣದಾಗಿರಬೇಕು: ಶಾಲೆಗೆ ಹೇಗೆ ಹೋಗುತ್ತಿದ್ದಿರಿ, ಕಾಲಿಗೆ ಏನು ಹಾಕಿಕೊಳ್ಳುತ್ತಿದ್ದಿರಿ, ರಾತ್ರಿ ಓದಲು ಬೆಳಕು ಎಲ್ಲಿಂದ, ತಪ್ಪು ಮಾಡಿದರೆ ಏನಾಗುತ್ತಿತ್ತು? ಒಂದೇ ಪ್ರಶ್ನೆಯನ್ನು ಇಬ್ಬರು ಹಿರಿಯರಿಗೆ ಕೇಳುವಂತೆ ಹೇಳಿ. ಉತ್ತರಗಳು ಹೊಂದದಿದ್ದಾಗ ನಿಜವಾದ ಪಾಠ ಶುರುವಾಗುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಆದರೂ ನೆನಪುಗಳು ಬೇರೆಯಾಗಿವೆ. ಈಗ ಏನು ಮಾಡೋಣ?

ಮನೆಯಲ್ಲಿ ಹಿರಿಯರಿಲ್ಲದ ಮಕ್ಕಳಿರುತ್ತಾರೆ. ಹಳೆಯದನ್ನು ಕೆದಕಿದರೆ ಗಾಯ ತೆರೆದುಕೊಳ್ಳುವ ಕುಟುಂಬಗಳೂ ಇರುತ್ತವೆ. ವಂಶವೃಕ್ಷ ಬರೆದು ತನ್ನಿ ಎಂದು ಎಲ್ಲರಿಗೂ ಕಡ್ಡಾಯ ಮಾಡುವುದು ಕ್ರೌರ್ಯವಾದೀತು. ಅನುಮಾನವಿದ್ದರೆ ಒಬ್ಬ ಹಿರಿಯರನ್ನೇ ತರಗತಿಗೆ ಕರೆಸಿ, ಎಲ್ಲ ಮಕ್ಕಳೂ ಅವರನ್ನೇ ಕೇಳಲಿ.

ಪಾತ್ರ ವಹಿಸುವುದು

ಇದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ವೇಷಭೂಷಣದ ದಿನ ಇತಿಹಾಸದ ಪಾಠವಲ್ಲ. ಕಿರೀಟ ತೊಟ್ಟ ಮಗು ರಾಜನಂತೆ ನಡೆಯುತ್ತದೆ, ಆದರೆ ಇಂದಿನ ಮಗುವಿನಂತೆಯೇ ಯೋಚಿಸುತ್ತದೆ.

ಅದಕ್ಕಿಂತ ಗಂಭೀರವಾದದ್ದು ಅನ್ಯಾಯವನ್ನು ‘ಅನುಭವಿಸಿ’ ತೋರಿಸುವ ಪ್ರಯೋಗ. ವರ್ಣಭೇದದ ವಿರುದ್ಧ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ, 1968ರ ಏಪ್ರಿಲ್‌ನಲ್ಲಿ, ಅಮೆರಿಕದ ಅಯೋವಾ ರಾಜ್ಯದ ಶಿಕ್ಷಕಿ ಜೇನ್ ಎಲಿಯಟ್ ಮೂರನೆಯ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಆಧಾರದಲ್ಲಿ ಮೇಲು ಕೀಳು ಎಂದು ವಿಂಗಡಿಸಿದರು. ಮೇಲೆನಿಸಿಕೊಂಡ ಮಕ್ಕಳು ಅಂದೇ ತಮ್ಮ ಗೆಳೆಯರನ್ನು ಹೀಯಾಳಿಸತೊಡಗಿದರು. ಆ ಪ್ರಯೋಗ ಜಗತ್ಪ್ರಸಿದ್ಧವಾಯಿತು. ಪುಟ್ಟ ಮಕ್ಕಳ ಮೇಲೆ ಹಾಗೆ ಮಾಡಬಹುದಿತ್ತೇ ಎಂಬ ಚರ್ಚೆಯೂ ಅದರ ಜೊತೆಗೇ ಬಂದಿದೆ. ನನ್ನ ಉತ್ತರ ಸ್ಪಷ್ಟ: ಗುಲಾಮಗಿರಿ, ಹಿಂಸೆ, ಬಹಿಷ್ಕಾರಗಳನ್ನು ಪ್ರಾಥಮಿಕ ತರಗತಿಯಲ್ಲಿ ಅಭಿನಯಿಸಬೇಡಿ. ಅವನ್ನು ಮರೆಮಾಚಬೇಕೆಂದಲ್ಲ. ಓದಿ, ಮಾತನಾಡಿ. ಆದರೆ ಒಂದು ಮಗುವನ್ನು ತುಳಿಯುವವನನ್ನಾಗಿ, ಇನ್ನೊಂದನ್ನು ತುಳಿಸಿಕೊಳ್ಳುವವನನ್ನಾಗಿ ನಿಲ್ಲಿಸಬೇಡಿ.

ಹಾಗಾದರೆ ನಾಟಕ ಪೂರ್ತಿ ಬೇಡವೇ? ಬೇಕು, ಬೇರೆ ರೀತಿಯಲ್ಲಿ. ಬ್ರಿಟನ್ನಿನ ರಂಗಶಿಕ್ಷಣ ತಜ್ಞೆ ಡೊರೊತಿ ಹೀತ್‌ಕೋಟ್ ರೂಪಿಸಿದ ಪದ್ಧತಿಯಲ್ಲಿ ಮಕ್ಕಳು ತಜ್ಞರ ಪಾತ್ರ ವಹಿಸುತ್ತಾರೆ. ‘ನೀವೆಲ್ಲ ಸಂಗ್ರಹಾಲಯದ ಅಧಿಕಾರಿಗಳು, ಈ ಹತ್ತು ವಸ್ತುಗಳಲ್ಲಿ ನಾಲ್ಕಕ್ಕೆ ಮಾತ್ರ ಜಾಗವಿದೆ, ಯಾವುದನ್ನು ಇಡುತ್ತೀರಿ, ಏಕೆ?’ ಹೀಗೆ ಕೇಳಿದರೆ ವಾದ, ಪುರಾವೆ, ನಿರ್ಧಾರ ಎಲ್ಲವೂ ಬರುತ್ತವೆ. ಹತ್ತು ವರ್ಷದ ಆಸುಪಾಸಿನವರಿಗೆ, ಮಾತಿನಲ್ಲಿ ಚುರುಕಾಗಿದ್ದು ಬರವಣಿಗೆಯಲ್ಲಿ ಹಿಂದುಳಿದವರಿಗೆ ವಿಶೇಷವಾಗಿ, ಇದು ವರವಿದ್ದಂತೆ.

ಸಂಗ್ರಹಾಲಯದ ಭೇಟಿ

ಅತಿ ಹೆಚ್ಚು ಖರ್ಚು, ಅತಿ ಹೆಚ್ಚು ಓಡಾಟ. ಇನ್ನೂರು ವಸ್ತುಗಳ ಮುಂದೆ ಸಾಲಾಗಿ ನಡೆದು ಬಂದರೆ ನೆನಪಿನಲ್ಲಿ ಉಳಿಯುವುದು ಬಸ್ಸು. ಒಂದು ಗುಂಪಿಗೆ ಒಂದೇ ವಸ್ತು, ಅದರ ಮುಂದೆ 20 ನಿಮಿಷ, ಕೈಯಲ್ಲಿ ಪೆನ್ಸಿಲ್. ಹೋಗುವ ಮೊದಲು ಅದೇ ವಸ್ತುವಿನ ಚಿತ್ರವನ್ನು ತರಗತಿಯಲ್ಲಿ ತೋರಿಸಿ ಮಕ್ಕಳ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿರಬೇಕು. ಇಷ್ಟು ಮಾಡಲಾಗದಿದ್ದರೆ ಆ ಹಣವನ್ನು ಪ್ರತಿಕೃತಿಗಳಿಗೆ ಹಾಕುವುದು ಮೇಲು.

ಹೋಗಲಾಗದವರು ಕೊರಗಬೇಕಾಗಿಲ್ಲ. 1799ರಲ್ಲಿ ಸಿಕ್ಕ ರೊಸೆಟ್ಟಾ ಶಿಲೆಯಲ್ಲಿ ಒಂದೇ ಆಜ್ಞೆ ಮೂರು ಲಿಪಿಗಳಲ್ಲಿದೆ. ಅದರಲ್ಲಿ ಗ್ರೀಕ್ ಓದಲು ಬರುತ್ತಿತ್ತು, ಅದರ ನೆರವಿನಿಂದ ಫ್ರಾನ್ಸಿನ ವಿದ್ವಾಂಸ ಶಾಂಪೊಲಿಯೊನ್ 1822ರಲ್ಲಿ ಈಜಿಪ್ಟಿನ ಚಿತ್ರಲಿಪಿಯ ಬೀಗ ತೆರೆದ. ತರಗತಿಯಲ್ಲಿ ಒಂದು ವಾಕ್ಯವನ್ನು ಕನ್ನಡದಲ್ಲೂ ನೀವೇ ಕಟ್ಟಿದ ಗುರುತುಗಳಲ್ಲೂ ಬರೆದು, ಇನ್ನೊಂದು ವಾಕ್ಯವನ್ನು ಗುರುತುಗಳಲ್ಲಿ ಮಾತ್ರ ಕೊಡಿ. ಶಾಂಪೊಲಿಯೊನ್ ಮೊದಲು ಹಿಡಿದದ್ದು ರಾಜರಾಣಿಯರ ಹೆಸರುಗಳನ್ನು. ನಿಮ್ಮ ಮಕ್ಕಳೂ ಹೆಸರುಗಳಿಂದಲೇ ಶುರುಮಾಡುತ್ತಾರೆ.

ನಿಮ್ಮ ಪರಿಸ್ಥಿತಿಗೆ ಯಾವುದು?

ಮಕ್ಕಳು ಬಹಳ, ಸಮಯ ಕಡಿಮೆ, ಹಣವಿಲ್ಲ ಎನ್ನುವವರು ಕಾಲದ ಹಗ್ಗವನ್ನು ಗೋಡೆಗೆ ಕಟ್ಟಿ, ಅದರ ಜೊತೆಗೆ ವಸ್ತುಗಳ ಪೆಟ್ಟಿಗೆ ಅಥವಾ ಕಸದ ಬುಟ್ಟಿಯಲ್ಲಿ ಒಂದನ್ನು ಹಿಡಿಯಿರಿ. ಒಂದು ಕಾಲವನ್ನು ಕಲಿಸುತ್ತದೆ, ಇನ್ನೊಂದು ಪುರಾವೆಯನ್ನು. ಹಿರಿಯರನ್ನು ಕೇಳುವ ಕೆಲಸವನ್ನು ರಜೆಗೆ ಕೊಡಿ. ಮಣ್ಣಿನ ಕೆಲಸ ವರ್ಷಕ್ಕೊಮ್ಮೆ ಸಾಕು.

ಮನೆಯಲ್ಲಿ ಒಬ್ಬಿಬ್ಬರಿಗೆ ಕಲಿಸುವವರಿಗೆ ಮಣ್ಣಿನ ಫಲಕ, ಪ್ಲಾಸ್ಟರ್ ಅಚ್ಚು, ನಿಧಾನದ ಉತ್ಖನನ ಎಲ್ಲವೂ ಒಗ್ಗುತ್ತವೆ. ಅಲ್ಲಿ ಇಲ್ಲದಿರುವುದು ಒಂದೇ: ಎದುರು ವಾದಿಸುವ ಗೆಳೆಯರು. ಅದಕ್ಕಾಗಿ ಸಾಕ್ಷ್ಯವನ್ನು ತಪ್ಪಾಗಿ ಓದುವವರ ಪಾತ್ರವನ್ನು ನೀವೇ ವಹಿಸಿ, ಮಗು ನಿಮ್ಮನ್ನು ತಿದ್ದಲಿ.

ಆರೇಳು ವರ್ಷದವರಿಗೆ ತಮ್ಮದೇ ಹಗ್ಗ ಮತ್ತು ಕೈಗೆ ಸಿಗುವ ವಸ್ತು. ಎಂಟೊಂಬತ್ತು ವರ್ಷದವರಿಗೆ ಮಣ್ಣು, ಮುದ್ರೆ, ಹಿರಿಯರ ಮಾತು. ಹತ್ತು ಹನ್ನೊಂದರವರಿಗೆ ಪದರಗಳ ಉತ್ಖನನ, ಸಂಕೇತ ಬಿಡಿಸುವುದು, ತಜ್ಞರ ಪಾತ್ರ. ಬೇರೆ ಬೇರೆ ವಯಸ್ಸಿನವರು ಒಂದೇ ಕೋಣೆಯಲ್ಲಿದ್ದರೆ ವಸ್ತುಗಳ ಪೆಟ್ಟಿಗೆಯೇ ಸರಿ. ಚಿಕ್ಕವರು ಚಿತ್ರ ಬರೆಯುತ್ತಾರೆ, ದೊಡ್ಡವರು ವಾದ ಬರೆಯುತ್ತಾರೆ.

ವರ್ಷಕ್ಕೊಮ್ಮೆ ದೊಡ್ಡ ಖರ್ಚು ಮಾಡಬಲ್ಲ ಶಾಲೆ ಸಂಗ್ರಹಾಲಯದ ಭೇಟಿಯನ್ನು ವರ್ಷದ ಆರಂಭದಲ್ಲಿ ಇಟ್ಟುಕೊಳ್ಳಬಾರದು. ಅಷ್ಟು ಹೊತ್ತಿಗೆ ಮಕ್ಕಳ ಬಳಿ ಪ್ರಶ್ನೆಗಳೇ ಇರುವುದಿಲ್ಲ. ಮೊದಲ ತಿಂಗಳು ಹಗ್ಗ, ಆಮೇಲೆ ಮಣ್ಣು, ಆಮೇಲೆ ಪದರಗಳು. ಕೊನೆಯ ಎರಡು ತಿಂಗಳಲ್ಲಿ ಬಸ್ಸು ಹತ್ತಿ. ಗಾಜಿನ ಹಿಂದಿರುವ ಚೂರನ್ನು ಕಂಡು, ಇದು ಯಾವ ಪದರದಲ್ಲಿ ಸಿಕ್ಕಿತ್ತು ಎಂದು ಅಲ್ಲಿನ ಸಿಬ್ಬಂದಿಯನ್ನು ಮಕ್ಕಳೇ ಕೇಳುತ್ತಾರೆ.